ಹೆರಿಗೆ ನಂತರದ ರಕ್ತಸ್ರಾವ: ರಾತ್ರಿ ಪಾಳಿಗೆ ನಾಲ್ಕೇ ಮಂದಿ, ಕೆಲಸ ಹಂಚೋದು ಹೆಂಗ?

ರಾತ್ರಿಪಾಳಿ (ಯಾದಗಿರಿ ಜಿಲ್ಲೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ್ರಿ. ತಾಲ್ಲೂಕು ಮಟ್ಟದ ಆಸ್ಪತ್ರೆ, ಲೇಬರ್ ರೂಮ್. ರಾತ್ರಿ ಒಬ್ಬರು ಡ್ಯೂಟಿ ಡಾಕ್ಟರು, ಇಬ್ಬರು ಸಿಸ್ಟರು, ಒಬ್ಬಾಕಿ ಆಯಾ. ಡಾಕ್ಟರು ಕ್ಯಾಜುವಾಲ್ಟಿನೂ ನೋಡ್ಕೋಬೇಕು. ಒಂದು ಪಿಪಿಎಚ್ (ಹೆರಿಗಿ ನಂತರದ ಅತಿ ರಕ್ತಸ್ರಾವ) ಕೇಸಿನ ಕೇಸ್ ಶೀಟು, ಫೋನಿನ ಕಾಲ್ ಲಿಸ್ಟು, 108ರ ಸಮಯ ಮೂರನ್ನೂ ಒಂದೇ ಹಾಳಿ ಮ್ಯಾಲ ಬರೆದು ಇಟ್ಟಾಗ ಕಂಡದ್ದು ಹಿಂಗ:

2:10 ಹೆರಿಗೆ. 2:25 "ರಕ್ತ ಸ್ವಲ್ಪ ಜಾಸ್ತಿ" ಅಂತ ನೋಟ್. 2:50 ಡಾಕ್ಟರಿಗೆ ಫೋನ್. 3:20 ರಕ್ತ ನಿಲ್ಲಿಸೋ ಔಷಧಿ ಟ್ರಾನೆಕ್ಸಮಿಕ್ (ಬೀರುವಿನ ಕೀಲಿ ಬ್ಯಾರೆ ಬ್ಲಾಕಿನಾಗ ಇತ್ತು). 3:35 ರಕ್ತದ ಸ್ಯಾಂಪಲ್ ಲ್ಯಾಬಿಗೆ. 3:40 108ಕ್ಕ ಫೋನ್. ದೊಡ್ಡ ಆಸ್ಪತ್ರೆ ಮುಟ್ಟಿದಾಗ ಅಲ್ಲಿಯವರಿಗೆ ಕೇಸ್ ಬರ್ತದಂತ ಗೊತ್ತೇ ಇರಲಿಲ್ಲ.

ತಾಯಿ ಉಳಿದಾಳ. ಮೀಟಿಂಗಿನ ತೀರ್ಮಾನ: ಸಿಸ್ಟರಿಗೆ ನೋಟಿಸು, "ಇನ್ಮುಂದ ಜಾಗ್ರತೆ ವಹಿಸತಕ್ಕದ್ದು." ನೋಟಿಸು ಕೊಟ್ಟರೂ ನಾಳೆ ರಾತ್ರಿ ಕೀಲಿ ಅಲ್ಲೇ ಇರ್ತದಲ್ರಿ. ಮಂದಿ ಹೆಚ್ಚಾಗೋದು ಸದ್ಯಕ್ಕಿಲ್ಲ. ಇದ್ದ ನಾಲ್ಕು ಮಂದಿಯೊಳಗ ಏನು ಬದಲಿ ಮಾಡಿದ್ರ ಹೆರಿಗಿಯಿಂದ ಟ್ರಾನೆಕ್ಸಮಿಕ್ ತನಕದ ಈ 70 ನಿಮಿಷ ಇಳೀತಾವು? ಯಾರು ಏನು ಮಾಡಬೇಕು ಅಂತ ಬಿಡಿಸಿ ಹೇಳ್ರಿ.

ಪ್ರಸೂತಿ_ಕಲಬುರಗಿ:

ಆ ಹಾಳೆಯನ್ನ ಎಸೀಬೇಡಿ, ನಿಮ್ಮ ಆಸ್ಪತ್ರೆಯ ಎಕ್ಸರೇ ಅದು. ಮೊದಲ 25 ನಿಮಿಷ ಎಲ್ಲಿ ಹೋಯ್ತು ನೋಡಿ: 2:25ರಿಂದ 2:50. ಯಾರೂ ಕೈಕಟ್ಟಿ ಕೂತಿರಲಿಕ್ಕಿಲ್ಲ. "ಸ್ವಲ್ಪ ಜಾಸ್ತಿ" ಅನ್ನೋ ಮಾತಿಗೆ ಅಂಕಿ ಇರಲಿಲ್ಲ, ಹಾಗಾಗಿ ಯಾರನ್ನ ಯಾವಾಗ ಕರೀಬೇಕು ಅನ್ನೋದು ಆ ಒಬ್ಬ ಸಿಸ್ಟರ್ ಧೈರ್ಯಕ್ಕೆ ಬಿಟ್ಟ ವಿಷಯ ಆಯ್ತು. ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೆ, ರಕ್ತ ಹೆಚ್ಚಾದಷ್ಟೂ ಇನ್ನೂ ಕಡಿಮೆ.

ಅಳತೆ ಗುರುತಿರುವ ಡ್ರೇಪ್ (ರಕ್ತ ಸೇರೋ ಚೀಲವಿರುವ ಪ್ಲಾಸ್ಟಿಕ್ ಹಾಸು) ತರಿಸಿ. ಮಗು ಹೊರಗೆ ಬಂದು ನೀರು ಹರಿದುಹೋದ ಮೇಲೆ ಸೊಂಟದ ಕೆಳಗೆ ಸೇರಿಸಬೇಕು; ಮೊದಲೇ ಹಾಕಿದರೆ ಗರ್ಭದ ನೀರೂ ಸೇರಿ ಲೆಕ್ಕ ತಪ್ಪುತ್ತೆ. ಡ್ರೇಪ್ ಬರೋ ತನಕ ಟ್ರೇ ಇಟ್ಟು ಅಳೆಯಿರಿ, ನೆಂದ ಬಟ್ಟೆಯನ್ನ ಮಗುವಿನ ತೂಕದ ಯಂತ್ರದ ಮೇಲೆ ಪ್ಲಾಸ್ಟಿಕ್ ಹಾಸಿ ತೂಗಿ. ಒಣ ಬಟ್ಟೆಯ ತೂಕ ಕಳೆದರೆ ಉಳಿದ ಪ್ರತಿ ಗ್ರಾಂ ಸುಮಾರು 1 ಎಂಎಲ್ ರಕ್ತ. ಒಣ ಬಟ್ಟೆಯ ತೂಕವನ್ನ ಗೋಡೆ ಮೇಲೆ ಬರೆದಿಡಿ. ಆ ಹೊತ್ತಿನಲ್ಲಿ ಯಾರೂ ಹುಡುಕೋಲ್ಲ.

ಇ-ಮೋಟಿವ್ ಅಧ್ಯಯನ 2023ರಲ್ಲಿ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳು, ಎಲ್ಲಾ ನಮ್ಮ ತಾಲ್ಲೂಕು-ಜಿಲ್ಲಾ ಮಟ್ಟದ ತರಹದವು. ಅಲ್ಲಿ ಹೊಸ ಔಷಧಿ ಒಂದೂ ಇರಲಿಲ್ಲ. ಡ್ರೇಪ್‌ನಲ್ಲಿ ಅಳೆದರು, ಗೆರೆ ದಾಟಿದ ತಕ್ಷಣ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ತೀವ್ರ ತೊಂದರೆಗಳು 60 ಪ್ರತಿಶತ ಇಳಿದವು. ರಕ್ತಸ್ರಾವ ಪತ್ತೆಯಾಗೋ ಪ್ರಮಾಣ ಮಾಮೂಲಿ ಆಸ್ಪತ್ರೆಗಳಲ್ಲಿ 51 ಪ್ರತಿಶತ, ಇವುಗಳಲ್ಲಿ 93. ನಮ್ಮ ಹಳೇ ಪದ್ಧತಿ ಏನು? ಒಂದು ಕೊಡು, ನೋಡು. ಇನ್ನೊಂದು ಕೊಡು, ನೋಡು. ಆ "ನೋಡು"ಗಳಲ್ಲೇ ಅರ್ಧ ತಾಸು ಹೋಗುತ್ತೆ.

ಗೆರೆ ಹೀಗಿರಲಿ. 500 ಎಂಎಲ್ ಆದರೆ ಪೂರ್ತಿ ಚಿಕಿತ್ಸೆ ಶುರು. 300 ಆಗಿದ್ದು, ಜೊತೆಗೆ ಪಲ್ಸ್, ಬಿಪಿ ಅಥವಾ ರಕ್ತದ ಹರಿವು ಸರಿ ಕಾಣದಿದ್ದರೆ ಆಗಲೇ ಶುರು. ಪಲ್ಸ್ ಬಿಪಿಯ ಮೇಲಿನ ಅಂಕಿಯನ್ನ ದಾಟಿತು ಅಂದರೆ ಶಾಕ್‌ಗೆ ಇಳಿದಿದ್ದಾರೆ ಅಂತಲೇ ತಿಳೀರಿ. ನಮ್ಮ ಕಡೆ ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲೇ ಹೆರಿಗೆಗೆ ಬರೋರು ಎಷ್ಟು ಜನ ಅಂತ ನಿಮಗೇ ಗೊತ್ತು. ಅವರಿಗೆ 500 ಅನ್ನೋದೇ ತಡ.

ಈಗ ಹಂಚಿಕೆ.

ಹೆರಿಗೆ ಮಾಡಿಸಿದ ಸಿಸ್ಟರ್ ಜಾಗ ಬಿಟ್ಟು ಕದಲಬಾರದು. ಒಂದು ಕೈ ಹೊಟ್ಟೆ ಮೇಲೆ, ಗರ್ಭಕೋಶ ಗಟ್ಟಿಯಾಗೋ ತನಕ ಮಸಾಜ್. ಮೂತ್ರಕೋಶ ಖಾಲಿ ಮಾಡೋದು, ಮಾಸು ಪೂರ್ತಿ ಬಂದಿದೆಯಾ, ಹರಿದಿದೆಯಾ ನೋಡೋದು ಇವರದೇ.

ಎರಡನೇ ಸಿಸ್ಟರ್ ಸೂಜಿ ಮತ್ತು ಔಷಧಿ. 16 ಅಥವಾ 18 ನಂಬರ್ ಕ್ಯಾನುಲಾ ಎರಡು ಕೈಗೂ. ಡ್ರಿಪ್ ಜೋಡಿಸೋ ಮೊದಲೇ ಅದರಿಂದ ಸ್ಯಾಂಪಲ್ ತೆಗೀರಿ, ಇಲ್ಲದಿದ್ದರೆ ಅದು 3:35ಕ್ಕೇ ಹೋಗೋದು. ಗರ್ಭಕೋಶ ಗಟ್ಟಿ ಮಾಡೋ ಆಕ್ಸಿಟೋಸಿನ್ 10 ಯೂನಿಟ್ ಸಲೈನ್‌ನಲ್ಲಿ ಬೆರೆಸಿ 10 ನಿಮಿಷದಲ್ಲಿ, ಆಮೇಲೆ 1 ಲೀಟರಿಗೆ 20 ಯೂನಿಟ್ ಹಾಕಿ 4 ತಾಸು. ಬೆರೆಸದೆ ಒಮ್ಮೆಗೇ ನರಕ್ಕೆ ಚುಚ್ಚಬೇಡಿ, ಬಿಪಿ ಕುಸಿಯುತ್ತೆ. ಟ್ರಾನೆಕ್ಸಮಿಕ್ 1 ಗ್ರಾಂ, 10 ನಿಮಿಷದಲ್ಲಿ ನಿಧಾನ. ಹೆರಿಗೆಯಾಗಿ 3 ತಾಸಿನೊಳಗೆ ಮಾತ್ರ. ಅದರೊಳಗೂ ಪ್ರತಿ 15 ನಿಮಿಷದ ತಡಕ್ಕೆ ಉಪಯೋಗ ಸುಮಾರು 10 ಪ್ರತಿಶತ ಇಳಿಯುತ್ತೆ. ನಿಮ್ಮ ಕೀಲಿಯ ಬೆಲೆ ಇಷ್ಟು. ಅರ್ಧ ತಾಸಾದರೂ ನಿಲ್ಲದಿದ್ದರೆ ಇನ್ನೊಂದು ಗ್ರಾಂ.

ಆಯಾ: ಪೆಟ್ಟಿಗೆ ತರೋದು, ಡಾಕ್ಟರನ್ನ ಕರೆಯೋದು, ಸ್ಯಾಂಪಲ್ ಒಯ್ಯೋದು. ಇದೇ ಕ್ರಮದಲ್ಲಿ.

ಡಾಕ್ಟರು ಬಂದ ಮೇಲೆ ಸೂಜಿ ಹಿಡಿಯೋದಲ್ಲ, ಕಾಲ ಬುಡದಲ್ಲಿ ನಿಂತು ಕಾರಣ ಹುಡುಕೋದು. 15 ನಿಮಿಷಕ್ಕೆ ತೀರ್ಮಾನ: ನಿಂತಿದೆಯಾ, ಇಲ್ಲವಾ? ಇಲ್ಲ ಅಂದರೆ ಕಾಂಡೋಮ್ ಬಲೂನ್ (ಗರ್ಭಕೋಶದೊಳಗೆ ಇಟ್ಟು ಸಲೈನ್ ತುಂಬಿ ರಕ್ತ ಒತ್ತಿ ಹಿಡಿಯೋದು) ಹಾಕ್ತಾ ಇರುವಾಗಲೇ 108ಕ್ಕೆ ಫೋನ್ ಹೋಗಬೇಕು. ಬಲೂನ್ ಕೆಲಸ ಮಾಡುತ್ತಾ ಅಂತ ಕಾದು ಆಮೇಲೆ ಕರೆಯೋದಲ್ಲ.

ಡಾಕ್ಟರು ಕ್ಯಾಜುವಾಲ್ಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ? ಅದಕ್ಕೇ "500 ಆದರೆ ಸಿಸ್ಟರೇ ಶುರು ಮಾಡಬಹುದು" ಅಂತ ಒಂದು ಹಾಳೆಗೆ ಆಡಳಿತ ವೈದ್ಯಾಧಿಕಾರಿಗಳ ಸಹಿ ಹಾಕಿಸಿ ಲೇಬರ್ ರೂಮಲ್ಲಿ ಅಂಟಿಸಿ. ನೋಟಿಸಿಗಿಂತ ಆ ಸಹಿ ಹೆಚ್ಚು ಜೀವ ಉಳಿಸುತ್ತೆ.

ಬಿಳಿಸೀರಿ:

ಡಾಕ್ಟರು ಹೇಳಿದ್ದು ಎಲ್ಲಾ ಖರೆ. ಆದ್ರ ಆಯಾ "ಪೆಟ್ಟಿಗಿ ತರೋದು" ಅಂದ್ರಲ್ಲ, ಆ ಪೆಟ್ಟಿಗಿ ಒಳಗೇ ಎಲ್ಲಾ ಅದ ನೋಡ್ರಿ.

ಪಾರದರ್ಶಕ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗ: 16 ನಂಬರ್ ಬೂದು ಕ್ಯಾನುಲಾ 2, 18 ನಂಬರ್ ಹಸಿರು 2, ಐವಿ ಸೆಟ್ 2, ಆರ್‌ಎಲ್ (ಡ್ರಿಪ್ಪಿನ ದ್ರಾವಣ) 500 ಎಂಎಲ್‌ದು 4, ಟ್ರಾನೆಕ್ಸಮಿಕ್ 500 ಎಂಜಿ ಆಂಪುಲ್ 4 (ಎರಡು ಡೋಸಿಗೆ), ಗರ್ಭಕೋಶ ಗಟ್ಟಿ ಮಾಡೋ ಮಿಸೊಪ್ರೊಸ್ಟಾಲ್ 200 ಮೈಕ್ರೋಗ್ರಾಂ ಗುಳಿಗಿ 4, ಸಿರಿಂಜು, ಫೋಲಿ (ಮೂತ್ರದ ನಳಿಗಿ) 16 ಮತ್ತ ಯೂರಿನ್ ಬ್ಯಾಗು, ಕಾಂಡೋಮ್ 2 ಮತ್ತ ದಾರ, ಮೊಣಕೈತನಕ ಬರೋ ಗ್ಲೌಸು, ನೇರಳೆ ಮುಚ್ಚಳದ ಟ್ಯೂಬು, ಕೆಂಪು ಮುಚ್ಚಳದ್ದು, ರಕ್ತದ ಫಾರಂ, ಒಂದು ಮಾರ್ಕರ್ ಪೆನ್ನು. ಮೊದಲೇ ಹರಿದು ಮುಚ್ಚಳಕ್ಕ ಅಂಟಿಸಿದ ಪ್ಲಾಸ್ಟರ್ ಪಟ್ಟಿ ನಾಲ್ಕು. ನಗಬ್ಯಾಡ್ರಿ, ಗ್ಲೌಸು ಹಾಕ್ಕೊಂಡು ಪ್ಲಾಸ್ಟರಿನ ತುದಿ ಹುಡುಕೋದ್ರಾಗೇ ಒಂದು ನಿಮಿಷ ಹೋಗ್ತದ.

ಕೀಲಿ ಬ್ಯಾಡ. ಒಡೆದ್ರ ಗೊತ್ತಾಗೋ ಸೀಲ್ ಹಾಕ್ರಿ. ಪಾಳಿ ಬದಲಾಗುವಾಗ ಎಣಿಸೋ ಕೆಲಸ ಇಲ್ಲ, ಸೀಲ್ ಇದ್ದದ್ದು ನೋಡಿ ನಂಬರ್ ಬರೆದ್ರ ಮುಗೀತು. ಹತ್ತು ಸಾಮಾನು ದಿನಾ ಮೂರು ಸಲ ಎಣಿಸ್ರಿ ಅಂದ್ರ ಎರಡನೇ ವಾರಕ್ಕ ಎಣಿಸದೇ ಟಿಕ್ ಹಾಕ್ತಾರ. ಪೆಟ್ಟಿಗಿ ಹಾಳಾಗೋದು ಕಳುವಿನಿಂದಲ್ಲ, "ಒಂದು ಕ್ಯಾನುಲಾ ಕೊಡ್ರಿ, ಮುಂಜಾನೆ ಇಡ್ತೀನಿ" ಅನ್ನೋ ಸಾಲದಿಂದ. ಯಾರು ಸೀಲ್ ಒಡೆದರೋ ಅವರೇ ಅದೇ ಪಾಳ್ಯಾಗ ತುಂಬಿ ಹೊಸದು ಹಾಕಬೇಕು. ಅದಕ್ಕ ಇನ್ನೊಂದು ಸೆಟ್ ಸಾಮಾನು ಲೇಬರ್ ರೂಮಿನಾಗೇ ಇರಲಿ. ಇಂಡೆಂಟ್ (ಸ್ಟೋರಿಗೆ ಬೇಡಿಕಿ ಚೀಟಿ) ಹಾಕಿ ಮುಂಜಾನೆ ತನಕ ಕಾಯೋ ಹಂಗಿದ್ರ ನಡು ರಾತ್ರಿ ಪೆಟ್ಟಿಗಿ ಖಾಲಿ.

ಇನ್ನು ಫ್ರಿಜ್. ಗರ್ಭಕೋಶ ಗಟ್ಟಿ ಮಾಡೋ ಇಂಜೆಕ್ಷನ್ ಆಕ್ಸಿಟೋಸಿನ್, ಮೆಥರ್ಜಿನ್, ಕಾರ್ಬೊಪ್ರಾಸ್ಟ್ ಮೂರೂ 2ರಿಂದ 8 ಡಿಗ್ರಿಯೊಳಗ ಇರಬೇಕು. ನಮ್ಮ ಕಡಿ ಮೇ ತಿಂಗಳಾಗ ಹೊರಗ 42-43. ಮುಂಜಾನೆ ಟ್ರೇದಾಗ ತೆಗೆದಿಟ್ಟ ಆಂಪುಲ್ ರಾತ್ರಿ ತನಕ ಅಲ್ಲೇ ಬೆವತಿರ್ತದ. ಅದರ ಶಕ್ತಿ ಇಳದಿರ್ತದ, ನಾವು "ಗರ್ಭಕೋಶ ಔಷಧಿಗೆ ಬಗ್ಗವಲ್ದು" ಅಂತೀವಿ. ನೋವು ಜೋರಾದ ಮ್ಯಾಲಷ್ಟ ಹೊರಗ ತೆಗೀರಿ. ಫ್ರಿಜ್ಜಿನ ಬಾಗಿಲ ಕಪಾಟಿನಾಗ ಇಡಬ್ಯಾಡ್ರಿ, ಮೇಲಿನ ಬರ್ಫದ ಖಾನೆದಾಗಂತೂ ಬ್ಯಾಡೇ ಬ್ಯಾಡ. ಕರೆಂಟ್ ಹೋದಾಗ ತಂಪು ಹಿಡಿದಿಡಲಿಕ್ಕ ಐಸ್ ಪ್ಯಾಕ್ ಇಟ್ಟಿರ್ರಿ. ಥರ್ಮಾಮೀಟರ್ ಎರಡು ಹೊತ್ತು ನೋಡಿ ಬರೀರಿ. ಮೊಸರು, ನೀರಿನ ಬಾಟ್ಲಿ, ಮಲ್ಲಿಗಿ ಮಾಲಿ ಇಡೋ ಫ್ರಿಜ್ ದಿನಕ್ಕ ಐವತ್ತು ಸಲ ತೆರೀತದ, ಅದು ಔಷಧಿ ಫ್ರಿಜ್ ಅಲ್ಲ.

ಆಂಪುಲ್ ಮ್ಯಾಲ ಎಷ್ಟು ಯೂನಿಟ್ ಅಂತ ಓದ್ರಿ. ಆಕ್ಸಿಟೋಸಿನ್ ಆಂಪುಲ್ ಹೆಚ್ಚಾಗಿ 5 ಯೂನಿಟಿಂದು ಬರ್ತದ, ಅಂದ್ರ 10ಕ್ಕ ಎರಡು ಒಡೀಬೇಕು. ಒಂದೇ ಒಡೆದು "10 ಕೊಟ್ಟೀನಿ" ಅಂತ ಬರೆದ ಕೇಸ್ ಶೀಟು ಎಷ್ಟು ಬೇಕು! ಫ್ರಿಜ್ಜಿನ ಡಬ್ಬಿ ಮ್ಯಾಲ ಕೆಂಪು ಶಾಯ್ಯಾಗ ಎರಡು ಸಾಲು ಬರೀರಿ: "ಬಿಪಿ ಇದ್ದವರಿಗೆ ಮೆಥರ್ಜಿನ್ ಬೇಡ. ಅಸ್ತಮಾ ಇದ್ದವರಿಗೆ ಕಾರ್ಬೊಪ್ರಾಸ್ಟ್ ಬೇಡ."

ಖಾಲಿಹುದ್ದೆ:

ಎಲ್ಲಾ ಚಂದ ಬರೀಲಿಕತ್ತೀರಿ. ಒಬ್ಬ ಡಾಕ್ಟರು ಎರಡು ಕಡೆ, ಇಬ್ಬರು ಸಿಸ್ಟರು ನಾಲ್ಕು ಟೇಬಲ್. ಮೂಲ ರೋಗ ಸಿಬ್ಬಂದಿ ಕೊರತೆ. 371ಜೆ (ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ) ಬಂದು ಎಷ್ಟು ವರ್ಷ ಆಯ್ತು, ಹುದ್ದೆ ತುಂಬದೇ ಡಬ್ಬಿ, ಸೀಲು ಅಂತ ಮಾತಾಡಿದರೆ ಸರಕಾರಕ್ಕೆ ನೆಪ ಕೊಟ್ಟಂಗ ಆಗೂದಿಲ್ಲೇನು?

ಪ್ರಸೂತಿ_ಕಲಬುರಗಿ:

@ಖಾಲಿಹುದ್ದೆ ಕೊರತೆ ನಿಜ, ಅದನ್ನ ಕೇಳಲೇಬೇಕು. ಆದರೆ ಆ ಹಾಳೆಯನ್ನ ಮತ್ತೆ ನೋಡಿ. ಕೀಲಿಗೆ ಹೋದ ಅರ್ಧ ತಾಸು, ಸ್ಯಾಂಪಲ್ಲಿನ ತಡ, ಮುಂದಿನ ಆಸ್ಪತ್ರೆಗೆ ಹೋಗದ ಫೋನು. ಇನ್ನಿಬ್ಬರು ಸಿಸ್ಟರ್ ಇದ್ದಿದ್ದರೂ ಕೀಲಿ ಬೇರೆ ಬ್ಲಾಕಿನಲ್ಲೇ ಇರುತ್ತಿತ್ತು. ಮಂದಿ ಕಡಿಮೆ ಇದ್ದಲ್ಲೇ ಹೆಜ್ಜೆ ಉಳಿಸೋ ವ್ಯವಸ್ಥೆ ಹೆಚ್ಚು ಬೇಕು. ಇನ್ನೊಂದು, ಹುದ್ದೆ ಕೇಳುವಾಗಲೂ ಈ ನಿಮಿಷಗಳ ಲೆಕ್ಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತೆ.

ಲ್ಯಾಬ್_ಬೀದರ್:

ರಕ್ತದ ಕಡೆಯಿಂದ ನಾಲ್ಕು ಮಾತು.

ಹೆರಿಗೆಗೆ ದಾಖಲಾದಾಗಲೇ ಗ್ರೂಪ್ ಮತ್ತು ಹಿಮೋಗ್ಲೋಬಿನ್ ಮಾಡಿಸಿ. ತಾಯಿ ಕಾರ್ಡ್‌ನಲ್ಲಿ ಬರೆದಿದೆ ಅಂತ ಬಿಡಬೇಡಿ, ಅದು ನಾಲ್ಕು ತಿಂಗಳ ಹಿಂದಿನದಿರಬಹುದು. ದುಡಿಯಲಿಕ್ಕೆ ಪುಣೆ, ಮುಂಬೈ, ಬೆಂಗಳೂರಿಗೆ ಹೋಗಿ ಹೆರಿಗೆಗೆ ತವರಿಗೆ ಬಂದವರಲ್ಲಿ ಕಾರ್ಡೇ ಇರೋದಿಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ ಹೆರಿಗೆಗೆ ಮುಂಚೆಯೇ ರಕ್ತ ಎಲ್ಲಿಂದ ಅನ್ನೋದು ಗೊತ್ತಿರಬೇಕು.

ಪೂರ್ತಿ ಕ್ರಾಸ್‌ಮ್ಯಾಚ್‌ಗೆ (ಕೊಡೋ ರಕ್ತ ತಾಯಿಯ ರಕ್ತಕ್ಕೆ ಹೊಂದುತ್ತಾ ಅನ್ನೋ ಪರೀಕ್ಷೆಗೆ) ಮುಕ್ಕಾಲು ತಾಸು ಹಿಡಿಯಬಹುದು. ಹಾಗಾಗಿ ಸ್ಯಾಂಪಲ್ ಹತ್ತು ನಿಮಿಷ ಮುಂಚೆ ಬಂದರೆ ಅದೇ ದೊಡ್ಡ ಉಪಕಾರ. ಆದರೆ ಅವಸರದಲ್ಲಿ ನಡೆಯೋ ಅತಿ ಅಪಾಯದ ತಪ್ಪು ಒಂದಿದೆ: ಖಾಲಿ ಟ್ಯೂಬಿಗೆ ಮೊದಲೇ ಹೆಸರು ಅಂಟಿಸಿಡೋದು, ಅಥವಾ ಸಿರಿಂಜು ಕೌಂಟರಿಗೆ ತಂದು ಅಲ್ಲಿ ತುಂಬಿ ಹೆಸರು ಬರೆಯೋದು. ಒಂದೇ ರಾತ್ರಿ ಒಂದೇ ಹೆಸರಿನ ಇಬ್ಬರು ದಾಖಲಾಗಿದ್ದರೆ ಗ್ರೂಪ್ ಅದಲು ಬದಲು. ಹಾಸಿಗೆ ಪಕ್ಕದಲ್ಲೇ ತೆಗೆದು, ಅಲ್ಲೇ ಹೆಸರು, ಐಪಿ ನಂಬರ್ (ಆಸ್ಪತ್ರೆಯ ದಾಖಲಾತಿ ಸಂಖ್ಯೆ), ಸಮಯ, ಸಹಿ. ಐಪಿ ನಂಬರ್ ಇಲ್ಲದ ಟ್ಯೂಬನ್ನ ನಾವು ವಾಪಸ್ ಕಳಿಸ್ತೀವಿ. ಅದಕ್ಕೆ ಬೈಬೇಡಿ.

ರಕ್ತ ಹೆಪ್ಪುಗಟ್ಟೋ ಶಕ್ತಿ ಕಳೆದುಕೊಂಡಿದೆಯಾ ಅಂತ ತಿಳಿಯೋಕೆ ಲ್ಯಾಬ್ ಬೇಕಿಲ್ಲ. ಒಣಗಿದ, ಸ್ವಚ್ಛ ಗಾಜಿನ ಸಣ್ಣ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ ಮುಷ್ಟಿಯೊಳಗೆ ಹಿಡಿದುಕೊಳ್ಳಿ, ಮೈ ಬಿಸಿ ಸಿಗಲಿ. 4 ನಿಮಿಷ ಆದ ಮೇಲೆ ಆಗಾಗ ಮೆಲ್ಲಗೆ ಓರೆ ಮಾಡಿ ನೋಡಿ. 7 ನಿಮಿಷಕ್ಕೂ ಹೆಪ್ಪುಗಟ್ಟದಿದ್ದರೆ, ಅಥವಾ ಕಟ್ಟಿದ ಹೆಪ್ಪು ಬೆರಳು ತಾಗಿದರೆ ಒಡೆಯೋ ಹಾಗಿದ್ದರೆ, ಬರೀ ಕೆಂಪು ಕಣದ ಚೀಲದಿಂದ ಆಗೋದಿಲ್ಲ, ಪ್ಲಾಸ್ಮಾ ಬೇಕು ಅಂತ ಫೋನ್‌ನಲ್ಲೇ ಹೇಳಿ. ಪ್ಲಾಸ್ಟಿಕ್ ಟ್ಯೂಬಲ್ಲಿ ಮಾಡಿದರೆ ಈ ಪರೀಕ್ಷೆ ಸುಳ್ಳು ಹೇಳುತ್ತೆ. ಟ್ಯೂಬ್ ಹಿಡಿಯೋದು ಆಯಾ ಅವರಿಗೂ ಆಗೋ ಕೆಲಸ.

ಸೈರನ್:

ನಮ್ಮ ಆ್ಯಂಬುಲೆನ್ಸ್ ಕಡಿಯವರ ಮಾತೂ ಒಂದಿಷ್ಟು ಕೇಳ್ರಿ. ಗಾಡಿ ಬಾಗಲಾಗ ನಿಂತ ಮ್ಯಾಲ ರೆಫರಲ್ ಚೀಟಿ ಬರೀಲಿಕ್ಕ ಕೂಡ್ತಾರ, ಅಲ್ಲಿ ಇಪ್ಪತ್ತು ನಿಮಿಷ. ಚೀಟಿ ಆಮೇಲೆ ವಾಟ್ಸಾಪಿಗೂ ಬರಬಹುದು, ಮೊದಲು ಫೋನ್ ಮಾಡ್ರಿ. ಮುಂದಿನ ಆಸ್ಪತ್ರಿದು ಯಾರದೋ ಡಾಕ್ಟರ ಸ್ವಂತ ನಂಬರ್ ಬ್ಯಾಡ, ಅವರು ರಜಾದಾಗಿದ್ರ ಮುಗೀತು. ಲೇಬರ್ ರೂಮಿನ ಡ್ಯೂಟಿ ಫೋನಿನ ನಂಬರ್ ಗ್ವಾಡಿ ಮ್ಯಾಲ ಇರಲಿ.

ಹೇಳಬೇಕಾದ್ದು ನಾಲ್ಕೇ. ಈಗೇನು, ಹಿಂದೇನು, ನಮಗೇನು ಅನಸ್ತದ, ನಿಮ್ಮಿಂದ ಏನು ಬೇಕು. ಉದಾಹರಣೆಗೆ:

"ಎರಡನೇ ಹೆರಿಗೆ, 2:10ಕ್ಕ ಆಗ್ಯಾದ, 900 ಎಂಎಲ್ ಹೋಗ್ಯಾದ, ಇನ್ನೂ ನಿಂತಿಲ್ಲ, ಪಲ್ಸ್ 124, ಬಿಪಿ 90/60. ಹಿಮೋಗ್ಲೋಬಿನ್ 8.2, ಓ ಪಾಸಿಟಿವ್, ಬಿಪಿ-ಅಸ್ತಮಾ ಏನೂ ಇಲ್ಲ. ಮಾಸು ಪೂರ್ತಿ ಬಂದದ, ಹರಕು ಇಲ್ಲ, ಗರ್ಭಕೋಶ ಮೆತ್ತಗದ. ಟ್ರಾನೆಕ್ಸಮಿಕ್ 2:32ಕ್ಕ ಒಂದು ಡೋಸ್, ಬಲೂನ್ ಹಾಕೀವಿ. ಎರಡು ಯೂನಿಟ್ ರಕ್ತ, ಓಟಿ ತಯಾರಿರಲಿ. 3 ಗಂಟೆಗೆ ಬಿಡ್ತೀವಿ."

ಅತ್ತ ಕಡಿಯವರು ಇದನ್ನ ತಿರುಗಿ ಹೇಳಬೇಕು. ತಿರುಗಿ ಹೇಳಿಸದಿದ್ರ "ಹ್ಞೂಂ ಕಳಸ್ರಿ" ಅಂತ ಇಟ್ಟುಬಿಡ್ತಾರ, ಪಾಳಿ ಬದಲಾದ್ರ ಕಥಿ ಮತ್ತ ಮೊದಲಿಂದ.

ಆಕ್ಸಿಜನ್ ಲೆಕ್ಕ ಭಾಳ ಮಂದಿ ಮಾಡಂಗಿಲ್ಲ. ಬಿ-ಟೈಪ್ ಸಿಲಿಂಡರ್ ಪೂರ್ತಿ ಇದ್ರ ಸುಮಾರು 1,500 ಲೀಟರ್. ನಿಮಿಷಕ್ಕ 10 ಲೀಟರ್ ಬಿಟ್ರ 150 ನಿಮಿಷ. ಗೇಜ್ ಅರ್ಧಕ್ಕ ನಿಂತದ ಅಂದ್ರ 75 ನಿಮಿಷ. ಯಾದಗಿರಿಯಿಂದ ಕಲಬುರಗಿ 80 ಕಿಲೋಮೀಟರ್ ಹತ್ರ, ಸುರಪುರ ಕಡಿಯಿಂದ ಇನ್ನೂ ಜಾಸ್ತಿ. ಅರ್ಧ ಸಿಲಿಂಡರಿನ ಮ್ಯಾಲ ಹೊರಟ್ರ ಊರು ಮುಟ್ಟೂದ್ರೊಳಗ ಮುಳ್ಳು ಸೊನ್ನಿಗೆ ಬರ್ತದ.

ದಾರ್ಯಾಗ ಡ್ರಿಪ್ ನಡೀತಿರಬೇಕು, ಹೊಟ್ಟಿ ಮ್ಯಾಲ ಒಂದು ಕೈ ಇರಬೇಕು, ಹಾಸಿಗಿ ಕೆಳಗ ಹೊಸ ಬಟ್ಟಿ ಹಾಕಿ ಹೊರಟ ಸಮಯ ಅದರ ಮ್ಯಾಲೇ ಬರೀರಿ. ಹಂಗಿದ್ರ ದಾರ್ಯಾಗ ಎಷ್ಟು ಹೋಯ್ತು ಅಂತ ಬ್ಯಾರೆ ತಿಳೀತದ. ಬಲೂನಿನ ತುದಿ ತೊಡಿಗೆ ಪ್ಲಾಸ್ಟರ್ ಹಾಕಿರ್ರಿ, ಗಾಡಿ ಕುಲುಕಿಗೆ ಜಾರ್ತದ. ಆ್ಯಂಟಿಶಾಕ್ ಗಾರ್ಮೆಂಟ್ (ಕಾಲು, ಹೊಟ್ಟಿಗೆ ಬಿಗಿಯಾಗಿ ಸುತ್ತೋ ಪಟ್ಟಿಗಳ ಉಡುಪು) ಕಟ್ಟಿದ್ರ ದಾರ್ಯಾಗ ಬಿಚ್ಚೋದು ಬ್ಯಾಡ. ಆಸ್ಪತ್ರ್ಯಾಗೂ ಸ್ಥಿತಿ ಸುಧಾರಿಸಿದ ಮ್ಯಾಲ ಕಾಲಿನ ಹರಡಿಂದ ಶುರು ಮಾಡಿ, ಒಂದೊಂದು ಪಟ್ಟಿಗೂ 15 ನಿಮಿಷ ಬಿಟ್ಟು ಬಿಚ್ಚಬೇಕು. ಹೊಟ್ಟಿ ಕಡಿಂದ ಬಿಚ್ಚಿದ್ರ ಬಿಪಿ ಒಮ್ಮೆಲೇ ಬೀಳ್ತದ.

ಜರಡಿ (ಬೀದರ್):

ನಾನು ಬರೀ ಅಳತೆ, ತಾಲೀಮಿನ ಬಗ್ಗೆ ಹೇಳ್ತೀನಿ. ಜೇಮ್ಸ್ ರೀಸನ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಅನಾಹುತ ತಡೆಯೋ ವ್ಯವಸ್ಥೆಗಳನ್ನ ತೂತಿರುವ ಚೀಸ್ ತುಂಡುಗಳಿಗೆ ಹೋಲಿಸಿದ. ನಮಗೆ ಜರಡಿ ಅಂದರೆ ಸಾಕು: ಒಂದರ ಮೇಲೊಂದು ಐದು ಜರಡಿ, ಎಲ್ಲದರ ತೂತೂ ಒಂದೇ ಸಾಲಿಗೆ ಬಂದಾಗ ಕಾಳು ನೆಲಕ್ಕೆ ಬೀಳುತ್ತೆ. ನೋಟಿಸು ಕೊಟ್ಟದ್ದು ಕೊನೇ ಜರಡಿಗೆ.

ಚೆಕ್‌ಲಿಸ್ಟ್ ಬಗ್ಗೆ ಎಚ್ಚರಿಕೆ. ಉತ್ತರ ಪ್ರದೇಶದಲ್ಲಿ ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟ್‌ನ ದೊಡ್ಡ ಪ್ರಯೋಗ ನಡೆದು 2017ರಲ್ಲಿ ಫಲಿತಾಂಶ ಬಂತು. ಪಕ್ಕದಲ್ಲಿ ನಿಂತು ಹೇಳಿಕೊಟ್ಟಾಗ ಸಿಬ್ಬಂದಿಯ ಅಭ್ಯಾಸ ಸುಧಾರಿಸಿತು, ತಾಯಿ-ಮಗುವಿನ ಸಾವು ಮಾತ್ರ ಇಳಿಯಲಿಲ್ಲ. ಹಾಗಾಗಿ ಮೇಲಿನ ಪೆಟ್ಟಿಗೆ, ಫ್ರಿಜ್, ಫೋನ್ ನಂಬರ್ ಮೊದಲು ಸರಿಮಾಡಿ, ಚಾರ್ಟ್ ಆಮೇಲೆ ಅಂಟಿಸಿ. ಅದೇ ವರ್ಷ ಶುರುವಾದ, ಲೇಬರ್ ರೂಮಿನ ಗುಣಮಟ್ಟ ಸುಧಾರಿಸೋ ಕೇಂದ್ರದ ಲಕ್ಷ್ಯ ಯೋಜನೆಯ ಫೈಲಿಗೆ ಕಾಗದ ಬೇಕು, ಸರಿ, ಆದರೆ ಪಾಳಿ ಮುಗಿಯುವಾಗ ಒಂದೇ ಪೆನ್ನಿನಲ್ಲಿ ಹತ್ತು ಕೇಸಿನ ಟಿಕ್ ಬಿದ್ದಿದ್ದರೆ ನೋಡಿದವರಿಗೆ ಗೊತ್ತಾಗುತ್ತೆ.

ತಾಲೀಮು: ರಾತ್ರಿ ಪಾಳಿ ಬದಲಾಗೋ ಹೊತ್ತಿಗೆ, ಅದೇ ಲೇಬರ್ ರೂಮಲ್ಲಿ, 12 ನಿಮಿಷ. ಖಾಲಿ ಆರ್‌ಎಲ್ ಬಾಟಲಿಯಲ್ಲಿ 500 ಎಂಎಲ್ ಕುಂಕುಮದ ನೀರು ಮಾಡಿ ಬಟ್ಟೆ, ಪ್ಯಾಡ್, ನೆಲ ಮೂರಕ್ಕೂ ಹಂಚಿ ಸುರೀರಿ. ಎಲ್ಲರೂ ಅಂದಾಜನ್ನ ಚೀಟಿಯಲ್ಲಿ ಬರೀಲಿ, ಡಾಕ್ಟರೂ ಸೇರಿ. ಚೀಟಿ ಬಿಚ್ಚಿದ ಮೇಲೆ ಡ್ರೇಪ್ ಯಾಕೆ ಬೇಕು ಅಂತ ಯಾರಿಗೂ ಭಾಷಣ ಮಾಡಬೇಕಿಲ್ಲ. ಆಮೇಲೆ ಅವಧಿ ಮುಗಿದ ಆಂಪುಲ್ ಹಿಡಿದು ನಿಜವಾಗಿ ಪೆಟ್ಟಿಗೆ ಒಡೆದು ಮಾಡಿ; ಮುಗಿದ ಕೂಡಲೇ ಆ ಆಂಪುಲ್ ಎಣಿಸಿ ಹೊರಗೆ ಹಾಕಿ, ಪೆಟ್ಟಿಗೆಯೊಳಗೆ ಉಳಿದರೆ ಇನ್ನೊಂದು ಅನಾಹುತ.

ಲೆಕ್ಕ: ತಿಂಗಳಿಗೆ ಮೂರೋ ನಾಲ್ಕೋ ಪಿಪಿಎಚ್ ಆಗೋ ಕಡೆ ಪ್ರತಿಶತ ತೆಗೆಯೋದು ಅರ್ಥವಿಲ್ಲದ ಕೆಲಸ. ಗ್ರಾಫ್ ಹಾಳೆಯಲ್ಲಿ ಕೇಸಿಗೊಂದು ಚುಕ್ಕೆ: ಗೆರೆ ದಾಟಿದ್ದರಿಂದ ಟ್ರಾನೆಕ್ಸಮಿಕ್ ತನಕ ಎಷ್ಟು ನಿಮಿಷ. ಅದರ ಕೆಳಗೆ ಇನ್ನೊಂದು ಸಾಲು: ರೆಫರ್ ತೀರ್ಮಾನದಿಂದ ಗಾಡಿ ಬಿಟ್ಟ ತನಕ. ಏನು ಬದಲಿ ಮಾಡಿದಿರೋ ಆ ದಿನಕ್ಕೆ ಮೇಲಿಂದ ಕೆಳಗೆ ಒಂದು ಗೆರೆ. ಒಮ್ಮೆಗೆ ಒಂದೇ ಬದಲಿ. ಐದಾರು ಚುಕ್ಕೆಗಳಲ್ಲೇ ಕಣ್ಣಿಗೆ ಕಾಣುತ್ತೆ.

ಕೇಸ್ ಆದ ಪಾಳಿಯಲ್ಲೇ ಐದು ನಿಮಿಷ ನಿಂತು ಮಾತಾಡಿ. ಯಾವುದು ಸಿಗಲಿಲ್ಲ, ಯಾವುದಕ್ಕೆ ಕಾದಿರಿ, ನಾಳೆ ಯಾವುದನ್ನ ಎಲ್ಲಿಡಬೇಕು. ಯಾರು ತಪ್ಪು ಅನ್ನೋ ಮಾತು ಬಂದ ಕೂಡಲೇ ಆಯಾ ಬಾಯಿ ಮುಚ್ಚಿಕೊಳ್ತಾಳೆ, ಕೀಲಿಯ ವಿಷಯ ಗೊತ್ತಿರೋದು ಆಕೆಗೇ.

ರಾತ್ರಿಪಾಳಿ (ಯಾದಗಿರಿ ಜಿಲ್ಲೆ):

ಎಲ್ಲರಿಗೂ ಭಾಳ ಉಪಕಾರ್ರಿ. ಮೊದಲು ಪೆಟ್ಟಿಗಿ ಮತ್ತ ಸಹಿಯ ಹಾಳಿ, ಆಮ್ಯಾಗ ಡ್ರೇಪ್ ಇಂಡೆಂಟ್ ಅಂತ ಇಟ್ಕೊಂಡೀವಿ. ಒಂದೇ ಸಂಶಯ: ನಂಬರ್ ಇರೋ ಸೀಲ್ ನಮ್ಮ ಸ್ಟೋರಿನಾಗ ಇಲ್ಲ. ವೈರ್ ಕಟ್ಟೋ ಪ್ಲಾಸ್ಟಿಕ್ ಟೈ ನಡೀತದೇನು?

ಬಿಳಿಸೀರಿ:

ಅದು ಬ್ಯಾಡ್ರಿ, ಕತ್ತರಿ ಇಲ್ಲದ ಬಿಚ್ಚಂಗಿಲ್ಲ. ಕತ್ತರಿ ಆ ಹೊತ್ತಿಗೆ ಯಾರ ಕಿಸೆದಾಗ ಇರ್ತದೋ! ಮುಚ್ಚಳದ ಎರಡೂ ಕಡಿ ಅಡ್ಡ ಕಾಗದದ ಪಟ್ಟಿ ಅಂಟಿಸಿ, ತಾರೀಖು ಮತ್ತ ಸಹಿ ಪಟ್ಟಿ ಮ್ಯಾಲಿಂದ ಡಬ್ಬಿ ತನಕ ದಾಟುವಂಗ ಹಾಕ್ರಿ. ಒಂದು ಕೈಲೆ ಎಳೆದ್ರ ಹರೀತದ, ಹರಿದದ್ದೂ ಕಾಣಸ್ತದ.